ವಾಕಿಟಾಕಿಗೆ ಕನ್ನಡ ಯಾವಾಗ? ‘ಮುಂದಿನ ಅಪ್‌ಗ್ರೇಡ್’ ಎಂಬ ಮೂಗಿನ ಮೇಲಿನ ತುಪ್ಪ
(ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಕನ್ನಡ ಕಾರ್ಯಕರ್ತರ ಸಭೆಯಲ್ಲಿ ಆಡಿದ ಮಾತು)



ನಾನು ಭಾಷಣಕಾರನಲ್ಲ, ವಾಕಿಟಾಕಿ ರಿಪೇರಿ ಮಾಡುವವನು. ನಾಮಫಲಕದಲ್ಲಿ ಕನ್ನಡ, ಬ್ಯಾಂಕಿನಲ್ಲಿ ಕನ್ನಡ, ಉದ್ಯೋಗದಲ್ಲಿ ಕನ್ನಡಿಗ ಎಂದು ಹಿರಿಯರು ಈಗಾಗಲೇ ಮಾತಾಡಿದ್ದಾರೆ. ಕಾವಲುಗಾರ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಡಬ್ಬಿಯಲ್ಲಿ ಕನ್ನಡ ಏಕಿಲ್ಲ ಎಂದು ಕೇಳಲು ನಾನು ಬಂದಿದ್ದೇನೆ.

ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಒಂದು ಕಾರ್ಖಾನೆ, ಹೆಸರು ಬೇಡ. ಬೆಂಕಿ ಬಿದ್ದರೆ ಏನು ಮಾಡಬೇಕು ಎಂಬುದಕ್ಕೆ ಅಣಕು ಕವಾಯತು ನಡೆಯುತ್ತಿತ್ತು. ಮೂರನೇ ಗೇಟಿನ ಹತ್ತಿರ ಯಾರೂ ಹೋಗಬೇಡಿ ಎಂದು ಎಲ್ಲ ಸೆಟ್ಟುಗಳಿಗೂ ಬರಹದ ಸಂದೇಶ ಹೋಯಿತು, ಇಂಗ್ಲಿಷಿನಲ್ಲಿ. ಕಾವಲುಗಾರರಲ್ಲಿ ಮಾಗಡಿ ಕಡೆಯ ಹಿರಿಯರೊಬ್ಬರಿದ್ದರು. ದಿನಾ ಕನ್ನಡ ಪತ್ರಿಕೆ ಓದುವ ಮನುಷ್ಯ. ಅವರಿಗೆ ತಿಳಿದದ್ದು ‘ಗೇಟ್’ ಮತ್ತು ‘3’ ಮಾತ್ರ. ಓಡಿಹೋಗಿ ಮೂರನೇ ಗೇಟಿನಲ್ಲೇ ನಿಂತರು! ಎಲ್ಲರೂ ನಕ್ಕರು. ಆ ಹಿರಿಯರು ತಲೆ ತಗ್ಗಿಸಿದರು. ನನಗೆ ನಗು ಬರಲಿಲ್ಲ. ಅದು ನಿಜವಾದ ಬೆಂಕಿಯಾಗಿದ್ದರೆ? ತಲೆ ತಗ್ಗಿಸಬೇಕಾದವರು ಅವರೋ, ಅವರ ಕೈಗೆ ಆ ಸೆಟ್ಟು ಕೊಟ್ಟವರೋ?

ಕೇಳಿದಾಗ ಸಿಕ್ಕ ಉತ್ತರ: “ಸೆಟ್ಟು ಮಾರಿದವರು ಕನ್ನಡ ಮುಂದಿನ ಅಪ್‌ಗ್ರೇಡ್‌ನಲ್ಲಿ ಬರುತ್ತೆ ಅಂದಿದ್ದರು ಸಾರ್.” ನಾಲ್ಕು ವರ್ಷವಾಯಿತು. ಅಪ್‌ಗ್ರೇಡ್ ಎರಡು ಸಲ ಬಂತು, ಕನ್ನಡ ಬರಲಿಲ್ಲ.

ಈ ಅಪ್‌ಗ್ರೇಡ್ ಎಂದರೇನು? ಚನ್ನಪಟ್ಟಣದವರಿಗೆ ಸುಲಭವಾಗಿ ಹೇಳಬಹುದು. ಗೊಂಬೆ ಮಾಡುವಾಗ ಮೊದಲು ಮರ ಕಡೆಯುತ್ತೀರಿ, ಆಮೇಲೆ ಅರಗಿನ ಬಣ್ಣ ಹಚ್ಚುತ್ತೀರಿ. ಬಣ್ಣ ಬೇಡವಾದರೆ ಕೆರೆದು ಬೇರೆ ಹಚ್ಚಬಹುದು. ಆದರೆ ಕಡೆದು ಸಣ್ಣದಾದ ಮರ ಮತ್ತೆ ದಪ್ಪವಾಗುವುದಿಲ್ಲ. ಸೆಟ್ಟಿನೊಳಗಿನ ತಂತ್ರಾಂಶ ಬಣ್ಣ. ಚಿಪ್, ಪರದೆ, ನೆನಪಿನ ಜಾಗ ಮರ. ಅಪ್‌ಗ್ರೇಡ್ ಬಣ್ಣವನ್ನು ಬದಲಿಸುತ್ತದೆ, ಮರವನ್ನಲ್ಲ. ಮಾರುವವರು ಈ ಎರಡನ್ನೂ ಬೇಕೆಂದೇ ಕಲಸಿ ಮಾತಾಡುತ್ತಾರೆ.

ಈಗ ಹೆಚ್ಚಾಗಿ ಕಾಣುವ ಡಿಜಿಟಲ್ ಸೆಟ್ಟು ಡಿಎಂಆರ್ ಎಂಬ ಯೂರೋಪಿನ ಮಾನಕದ್ದು, 2005ರಲ್ಲಿ ಪ್ರಕಟವಾದದ್ದು. 12.5 ಕಿಲೋಹರ್ಟ್ಸ್ ಅಗಲದ ಒಂದೇ ಚಾನೆಲ್ಲಿನಲ್ಲಿ ಸರದಿಯ ಮೇಲೆ ಎರಡು ಮಾತುಕತೆ ಸಾಗಿಸುತ್ತದೆ. ಧ್ವನಿಯನ್ನು ಅಂಕಿಗಳಾಗಿ ಮಾಡಿ ಕಳಿಸುತ್ತದೆ. ಗುಣವೂ ಉಂಟು, ದೋಷವೂ ಉಂಟು. ಹಳೆಯ ಅನಲಾಗ್ ಸೆಟ್ಟು ಸಾವನದುರ್ಗದ ಬಂಡೆಯ ಮರೆಗೆ ಹೋದರೆ ಸೊರಸೊರ ಎಂದಾದರೂ ಮಾತು ಮುಟ್ಟಿಸುತ್ತಿತ್ತು. ಡಿಜಿಟಲ್ ಸೆಟ್ಟು ಕೊನೆಯವರೆಗೂ ಗಂಟೆಯ ಹಾಗೆ ಕೇಳಿಸಿ, ಆಮೇಲೆ ಒಮ್ಮೆಗೇ ಮೂಕವಾಗುತ್ತದೆ. ಇದನ್ನು ಯಾವ ಅಪ್‌ಗ್ರೇಡೂ ಪೂರ್ತಿ ತೊಡೆಯಲಾರದು, ಒಪ್ಪೋಣ.

ಆದರೆ ಕನ್ನಡಕ್ಕೆ ಹೇಳುವ ನೆಪಗಳನ್ನು ಒಪ್ಪಲಾಗದು.

ಮೊದಲ ನೆಪ: “ಮಾನಕದಲ್ಲಿ ಕನ್ನಡಕ್ಕೆ ಜಾಗವಿಲ್ಲ.” ಸುಳ್ಳು! ಡಿಎಂಆರ್ ಬರಹದ ಸಂದೇಶವನ್ನು ಯೂನಿಕೋಡಿನಲ್ಲಿ ಕಳಿಸಲು ಅವಕಾಶ ಕೊಟ್ಟಿದೆ. ಯೂನಿಕೋಡಿನಲ್ಲಿ 1991ರಿಂದ ಕನ್ನಡವಿದೆ. ಅಂದರೆ ಗಾಳಿಯಲ್ಲಿ ಕನ್ನಡ ಸಲೀಸಾಗಿ ಹೋಗುತ್ತದೆ. ಪರದೆಗೆ ಬಂದಾಗ ಮಾತ್ರ ಚೌಕ ಚೌಕವಾಗಿ ಕಾಣುತ್ತದೆ.

ಎರಡನೆಯ ನೆಪ: “ಸೆಟ್ಟಿನಲ್ಲಿ ನೆನಪಿನ ಜಾಗ ಸಾಲದು.” ಲೆಕ್ಕ ಹಾಕೋಣ. ಚೀನಾದಲ್ಲಿ ತಯಾರಾದ ಎಷ್ಟೋ ಸೆಟ್ಟುಗಳಲ್ಲಿ ಚೀನೀ ಭಾಷೆಯ ಮೆನು ಇದೆ. ಅವರ ಮೂಲ ಪಟ್ಟಿಯೊಂದರಲ್ಲೇ 6,763 ಲಿಪಿಚಿಹ್ನೆಗಳು. ಒಂದಕ್ಕೆ 16 ಅಡ್ಡ 16 ಚುಕ್ಕಿ, ಅಂದರೆ 32 ಬೈಟ್. ಒಟ್ಟು 2,16,416 ಬೈಟ್. ಕನ್ನಡಕ್ಕೆ ಒತ್ತು ಕೆಳಗೆ ಇಳಿಯುವುದರಿಂದ 24 ಅಡ್ಡ 24 ಚುಕ್ಕಿ, ಅಂದರೆ 72 ಬೈಟ್ ಕೊಡೋಣ. ಅಕ್ಷರ, ಗುಣಿತ, ಒತ್ತು ಸೇರಿ 300 ಆಕಾರ ಎಂದುಕೊಳ್ಳಿ. 21,600 ಬೈಟ್, ಅವರದರ ಹತ್ತನೇ ಒಂದು ಪಾಲು! ಆ ಹೊರೆ ಹೊತ್ತ ಸೆಟ್ಟಿಗೆ ಕನ್ನಡ ಭಾರವಾಯಿತೆ?

ನಿಜವಾದ ತೊಡಕು ಬೇರೆ, ಅದನ್ನೂ ಮುಚ್ಚಿಡುವುದಿಲ್ಲ. ಚೀನೀ ಲಿಪಿಯಲ್ಲಿ ಒಂದು ಸಂಕೇತಕ್ಕೆ ಒಂದು ಚಿತ್ರ, ಪಕ್ಕಪಕ್ಕ ಇಟ್ಟರೆ ಮುಗಿಯಿತು. ನಮ್ಮಲ್ಲಿ ಅಕ್ಷರಗಳು ಕೂಡಿಕೊಳ್ಳಬೇಕು. ‘ಚನ್ನಪಟ್ಟಣ’ ಯೂನಿಕೋಡಿನಲ್ಲಿ ಒಂಬತ್ತು ಸಂಕೇತ. ಅವನ್ನು ಕೂಡಿಸುವ ಬುದ್ಧಿ ಸೆಟ್ಟಿಗೆ ಕೊಡದಿದ್ದರೆ ‘ಚನ್‌ನಪಟ್‌ಟಣ’ ಎಂದು ಮುರಿದು ಬೀಳುತ್ತದೆ. ಆ ಬುದ್ಧಿಯನ್ನು ತಂತ್ರಾಂಶದಲ್ಲಿ ಬರೆಯಬೇಕು. ಬರೆಯಬಲ್ಲವರು ಬೆಂಗಳೂರಿನ ಬೀದಿ ಬೀದಿಯಲ್ಲಿದ್ದಾರೆ. ಆದರೆ ಸೆಟ್ಟಿನ ಬೀಗದ ಕೈ ಇರುವುದು ತಯಾರಿಸಿದ ಕಂಪನಿಯ ಬಳಿ. ಅವರು ಹಳೆಯ ಮಾದರಿಯ ಕೆಲಸ ನಿಲ್ಲಿಸಿದರೆ ಕತೆ ಮುಗಿಯಿತು.

ಬೀಗ ತೆಗೆದವರೂ ಇದ್ದಾರೆ. 2016ರ ಸುಮಾರಿಗೆ ಹೊರದೇಶದ ಹ್ಯಾಮ್ ಹವ್ಯಾಸಿಗಳು ಎಂಡಿ-380 ಎಂಬ ಅಗ್ಗದ ಡಿಎಂಆರ್ ಸೆಟ್ಟಿನ ತಂತ್ರಾಂಶ ಬಿಡಿಸಿ, ಕಂಪನಿ ಕೊಡದ ಸೌಲಭ್ಯಗಳನ್ನು ತಾವೇ ಸೇರಿಸಿದರು. ಅಲ್ಲಿಯೂ ಮರದ ಮಾತೇ ಬಂತು. ಹೊರಗೆ ಒಂದೇ ಹೆಸರು, ಒಳಗೆ ಕೆಲವಕ್ಕೆ 16 ಮೆಗಾಬೈಟ್, ಕೆಲವಕ್ಕೆ ಬರೀ 1. ಚಿಕ್ಕದರಲ್ಲಿ ದೊಡ್ಡ ಹೆಸರುಪಟ್ಟಿ ಹಿಡಿಸಲೇ ಇಲ್ಲ. ಆದರೆ ಕಾವಲುಗಾರರ ಜೀವ ನಂಬಿರುವ ಸೆಟ್ಟಿಗೆ ಸಿಕ್ಕಸಿಕ್ಕ ತಂತ್ರಾಂಶ ತುಂಬಲು ಹೋಗಬೇಡಿ. ಮಾರಿದವರಿಂದಲೇ ಮಾಡಿಸಬೇಕು.

ಮೊಬೈಲಿನಲ್ಲಿ ಇದು ಆಗಿದೆಯಲ್ಲ! ಐಎಸ್ 16333 ಎಂಬ ಭಾರತೀಯ ಮಾನಕದ ಮೂರನೇ ಭಾಗದ ಪ್ರಕಾರ ಮೊಬೈಲ್ ಫೋನು ಎಂಟನೇ ಪರಿಚ್ಛೇದದ 22 ಭಾಷೆಗಳನ್ನೂ ಓದಲು ಬರುವಂತೆ ತೋರಿಸಬೇಕು. ಕೇಂದ್ರ ಸರ್ಕಾರ 2016ರಲ್ಲಿ ಇದನ್ನು ಕಡ್ಡಾಯ ಮಾಡುವ ಆದೇಶ ಹೊರಡಿಸಿತು. ಅದು ಮೊಬೈಲಿಗಾಗಿ ಬರೆದ ನಿಯಮ. ಬೆಂಕಿ, ಅಪಘಾತದ ಸುದ್ದಿ ಮುಟ್ಟಿಸುವ ವಾಕಿಟಾಕಿಗೆ ಏಕೆ ಬೇಡ? ಕಾವೇರಿ ವನ್ಯಧಾಮದಿಂದ, ಬನ್ನೇರುಘಟ್ಟದ ಕಾಡಿನಿಂದ ಆನೆಗಳು ನಮ್ಮ ಹೊಲಗಳಿಗೆ ಇಳಿಯುತ್ತವೆ. ಅಂಥ ಕತ್ತಲಲ್ಲಿ ಸೆಟ್ಟು ಹಿಡಿದು ನಿಂತವನಿಗೆ ಬರುವ ಎಚ್ಚರಿಕೆ ಅವನ ತಾಯ್ನುಡಿಯಲ್ಲಿರಬೇಡವೆ? 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಜಿಲ್ಲೆಯ ಹೆಸರೇ ಬದಲಾಯಿತು, ಸೆಟ್ಟಿನ ಭಾಷೆ ಬದಲಾಗಲಿಲ್ಲ!

ಆದ್ದರಿಂದ ನಮ್ಮ ಒತ್ತಾಯ ನಾಲ್ಕು.

ಒಂದು: ಸೆಟ್ಟು ಕೊಳ್ಳುವ ಮುನ್ನ ‘ಚನ್ನಪಟ್ಟಣ’, ‘ಎಚ್ಚರಿಕೆ’ ಎಂಬ ಎರಡು ಪದ ಕಳಿಸಿ ನೋಡಿ. ಒತ್ತು ಸರಿಯಾಗಿ ಕೂತರೆ ಹಣ ಕೊಡಿ.

ಎರಡು: ಅಪ್‌ಗ್ರೇಡಿನ ಮಾತು ಬಾಯಲ್ಲಿ ಬೇಡ, ಕಾಗದದಲ್ಲಿ ಬೇಕು. ಯಾವ ಮಾದರಿಗೆ, ಯಾವ ತಾರೀಖಿಗೆ, ಉಚಿತವೋ ಹಣಕ್ಕೋ, ಕೊಡದಿದ್ದರೆ ಹಣ ವಾಪಸೋ ಎಂದು ಬರೆಸಿಕೊಳ್ಳಿ.

ಮೂರು: ಹಳೆಯ ಸೆಟ್ಟು ಇರುವ ಕಡೆ ತುರ್ತು ಸೂಚನೆಯನ್ನು ಕನ್ನಡದಲ್ಲಿ ಬಾಯಿಂದಲೇ ಹೇಳಿ. ಧ್ವನಿಗೆ ಲಿಪಿಯ ಹಂಗಿಲ್ಲ. ಬರಹವೇ ಬೇಕೆಂದರೆ ಅಂಕಿ ಕಳಿಸಿ. ‘1 ಬಂದರೆ ಹಿಂದಕ್ಕೆ ಬನ್ನಿ, 2 ಬಂದರೆ ಗೇಟು ಮುಚ್ಚಿ’ ಎಂಬ ಕನ್ನಡ ಚೀಟಿ ಪ್ರತಿಯೊಬ್ಬರ ಜೇಬಿನಲ್ಲಿರಲಿ. ಇದಕ್ಕೆ ಕಾಸಿನ ಖರ್ಚಿಲ್ಲ, ನಾಳೆಯೇ ಮಾಡಬಹುದು.

ನಾಲ್ಕು: ಮೊಬೈಲಿನ ನಿಯಮವನ್ನು ಕೇಂದ್ರ ಸರ್ಕಾರ ವಾಕಿಟಾಕಿಗೂ ವಿಸ್ತರಿಸಲಿ. ರಾಜ್ಯ ಸರ್ಕಾರ ತಾನು ಕರೆಯುವ ಟೆಂಡರಿನಲ್ಲಿ ಕನ್ನಡವನ್ನು ಷರತ್ತಾಗಿ ಹಾಕಲಿ. 1963ರಿಂದ ಕನ್ನಡಕ್ಕೆ ಆಡಳಿತ ಭಾಷೆಯ ಕಾಯಿದೆಯ ಬೆಂಬಲವಿದೆ. ಆಡಳಿತ ಫೈಲಿನಲ್ಲಿ ಮಾತ್ರವೆ? ಸೊಂಟದ ಮೇಲಿನ ಸೆಟ್ಟಿನಲ್ಲಿ ಇಲ್ಲವೆ?

ಬಂಧುಗಳೆ, ಆ ಹಿರಿಯ ಕಾವಲುಗಾರರು ಆಮೇಲೆ ನನ್ನ ಬಳಿ ಬಂದು, “ಇಂಗ್ಲಿಷ್ ಕಲಿಯೋಕೆ ಈ ವಯಸ್ಸಲ್ಲಿ ಆಗುತ್ತೇನಪ್ಪ?” ಎಂದು ಕೇಳಿದರು. ನಾನು ಹೇಳಿದೆ: “ನೀವು ಕಲಿಯೋದು ಬೇಡ ಅಣ್ಣ. ಕಲಿಯಬೇಕಾಗಿರೋದು ಆ ಡಬ್ಬಿ.”

ಅದಕ್ಕೆ ಕಲಿಸೋಣ. ಜೈ ಕನ್ನಡ! ಜೈ ಕರ್ನಾಟಕ!