ನುಡಿದಂತೆ ನಡೆದ ಬದುಕು

ಭವಿಷ್ಯವಾಣಿಯೆಂದರೆ ಮುಂದೆ ಆಗಲಿರುವುದನ್ನು ಮೊದಲೇ ಕಂಡು ಹೇಳುವ ಮಾತೆಂದು ನಾವು ತಿಳಿದಿದ್ದೇವೆ. ಆದರೆ ಹೇಳಿದ್ದರಿಂದಲೇ ಆಗಿಬಿಡುವ ಸಂಗತಿಗಳೂ ಉಂಟು. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1948ರ ಪ್ರಬಂಧವೊಂದರಲ್ಲಿ ಇದನ್ನು ತನ್ನನ್ನು ತಾನೇ ನಿಜ ಮಾಡಿಕೊಳ್ಳುವ ಭವಿಷ್ಯವಾಣಿ ಎಂದು ಕರೆದನು. ಅವನು ಕೊಟ್ಟ ದೃಷ್ಟಾಂತ ಸರಳವಾದದ್ದು. ಗಟ್ಟಿಯಾಗಿರುವ ಬ್ಯಾಂಕೊಂದು ದಿವಾಳಿಯಾಗಲಿದೆಯೆಂಬ ಸುದ್ದಿ ಹಬ್ಬುತ್ತದೆ. ಹಣವಿಟ್ಟವರೆಲ್ಲ ಬಾಗಿಲಿಗೆ ಮುಗಿಬೀಳುತ್ತಾರೆ. ಬ್ಯಾಂಕು ನಿಜವಾಗಿಯೂ ಮುಳುಗುತ್ತದೆ. ಹುಟ್ಟುವಾಗ ಸುಳ್ಳಾಗಿದ್ದ ಮಾತು, ಜನ ನಂಬಿ ನಡೆದುಕೊಂಡದ್ದರಿಂದ ಸತ್ಯವಾಗುತ್ತದೆ.

ಮನುಷ್ಯನ ವಿಷಯದಲ್ಲಿ ಹೀಗಾದರೆ? ಈ ಪ್ರಶ್ನೆಯನ್ನು ನನ್ನಲ್ಲಿ ಎಬ್ಬಿಸಿದ್ದು ಫ್ರಾನ್ಸಿನ ಜಾಕ್ ಓದಿಯಾರ್ ನಿರ್ದೇಶಿಸಿದ ‘ಅಂ ಪ್ರೊಫೆತ್’ ಎಂಬ ಚಲನಚಿತ್ರ. ‘ಒಬ್ಬ ಪ್ರವಾದಿ’ ಎಂದು ಅದರ ಅರ್ಥ. 2009ರ ಕಾನ್ ಉತ್ಸವದಲ್ಲಿ ಗ್ರ್ಯಾಂಡ್ ಪ್ರಿ ಪ್ರಶಸ್ತಿ ಪಡೆದ ಈ ಕಥೆಯ ಬಹುಭಾಗ ನಡೆಯುವುದು ಸೆರೆಮನೆಯೊಳಗೆ.

ಮಾಲಿಕ್ ಅರಬ್ ಮೂಲದ ಹುಡುಗ. ವಯಸ್ಸು 19, ಶಿಕ್ಷೆ 6 ವರ್ಷ. ಓದುಬರಹ ಬಾರದು; ಹೊರಗೆ ಕಾಯುವವರು ಯಾರೂ ಇಲ್ಲ. ಒಳಗೆ ಕಾರ್ಸಿಕಾ ದ್ವೀಪದ ಕೈದಿಗಳದೇ ದರ್ಬಾರು. ಅವರ ಮುಖಂಡ ಸೆಜಾರ್ ಎಂಬ ಮುದುಕ ಹುಡುಗನನ್ನು ಕರೆದು, ಸಾಕ್ಷಿ ಹೇಳಲಿರುವ ರೆಯೆಬ್ ಎಂಬವನನ್ನು ಕೊಲ್ಲಬೇಕು, ಇಲ್ಲವಾದರೆ ನಿನ್ನ ಪ್ರಾಣ ಉಳಿಯದು ಎನ್ನುತ್ತಾನೆ. ಮಾಲಿಕ್ ಕೊಲೆಗಾರನಾಗಿ ಅಲ್ಲಿಗೆ ಬಂದವನಲ್ಲ. ತಪ್ಪಿಸಿಕೊಳ್ಳಲು ನೋಡುತ್ತಾನೆ, ಆಗುವುದಿಲ್ಲ. ಕೊನೆಗೆ ಬಾಯೊಳಗೆ ಬ್ಲೇಡು ಅಡಗಿಸಿಡುವುದನ್ನು ರಕ್ತ ಸುರಿಸಿಕೊಂಡೇ ಕಲಿಯುತ್ತಾನೆ.

ಕೊಲೆಗೆ ಮುಂಚಿನ ಕೆಲವು ನಿಮಿಷಗಳಲ್ಲಿ ಚಿತ್ರದ ತಿರುಳಿದೆ ಎಂದು ನನಗೆ ತೋರುತ್ತದೆ. ಸಾಯಲಿರುವ ರೆಯೆಬ್ ಹುಡುಗನನ್ನು ಆದರದಿಂದ ಮಾತಾಡಿಸುತ್ತಾನೆ. ಅವನಿಗೆ ಅಕ್ಷರ ಬಾರದೆಂದು ತಿಳಿದಾಗ, ಕಲಿ ಎನ್ನುತ್ತಾನೆ. ಒಳಗೆ ಬಂದಾಗ ಇದ್ದುದಕ್ಕಿಂತ ತುಸು ತಿಳಿದವನಾಗಿ ಹೊರಗೆ ಹೋಗಬೇಕು ಎಂಬುದು ಆ ಮಾತಿನ ಭಾವ. ಹೀಗೆ ಒಬ್ಬನೇ ಹುಡುಗನನ್ನು ಕುರಿತು ಎರಡು ಭವಿಷ್ಯವಾಣಿಗಳು. ನೀನು ಕೊಲ್ಲಬಲ್ಲೆ ಎಂಬುದು ಒಂದು, ನೀನು ಕಲಿಯಬಲ್ಲೆ ಎಂಬುದು ಇನ್ನೊಂದು. ಎರಡೂ ನಿಜವಾದವು ಎಂಬುದೇ ನನ್ನನ್ನು ಕಾಡುವ ವಿಷಯ.

ಸತ್ತ ರೆಯೆಬ್ ಪ್ರೇತವಾಗಿ ಅವನ ಕೋಣೆಗೆ ಬರುತ್ತಾನೆ. ಕೊಂದವನು ಸತ್ತವನ ಮಾತನ್ನು ನಡೆಸಿಕೊಡುತ್ತಾನೆ. ಸೆರೆಮನೆಯ ಶಾಲೆಯಲ್ಲಿ ಅಕ್ಷರ ತಿದ್ದುತ್ತಾನೆ. ಮುದುಕನ ಚಾಕರಿ ಮಾಡುತ್ತಲೇ ಕಾರ್ಸಿಕಾದ ಭಾಷೆಯನ್ನು ಯಾರಿಗೂ ತಿಳಿಯದಂತೆ ಕಲಿಯುತ್ತಾನೆ. ಬಹುಮಂದಿ ಕಾರ್ಸಿಕನ್ನರು ಬೇರೆಡೆಗೆ ವರ್ಗವಾದ ಮೇಲೆ ಮುದುಕನಿಗೆ ಇವನೇ ಕಣ್ಣು, ಇವನೇ ಕಿವಿ. ಒಂದು ದಿನದ ರಜೆಯ ಮೇಲೆ ಹೊರಗೆ ಹೋದಾಗ ಒಮ್ಮೆ, ದಾರಿಬದಿಯ ಫಲಕ ನೋಡಿ ಜಿಂಕೆ ಬರುತ್ತದೆಂದು ಎಚ್ಚರಿಸುತ್ತಾನೆ. ಮರುಕ್ಷಣವೇ ಜಿಂಕೆ ಕಾರಿಗೆ ಬಡಿಯುತ್ತದೆ. ನೀನು ಪ್ರವಾದಿಯೋ ಎಂದು ಜೊತೆಯಲ್ಲಿದ್ದ ಪಾತಕಿ ಬೆರಗಾಗುತ್ತಾನೆ. ಆ ನಂಬಿಕೆಯೂ ಅವನಿಗೆ ಬಲವಾಗುತ್ತದೆ. ಬಿಡುಗಡೆಯ ದಿನ ಅವನನ್ನು ಕಾಯಲು ತೀರಿಹೋದ ಗೆಳೆಯನ ಹೆಂಡತಿ ಮತ್ತು ಮಗುವಿದ್ದಾರೆ. ಹಿಂದೆ ಅವನ ಕಡೆಯವರ ವಾಹನಗಳೂ ಸಾಲಾಗಿ ಬರುತ್ತವೆ.

ಇದು ಬೆಳವಣಿಗೆಯೇ? ಅಲ್ಲವೆನ್ನಲಾರೆ. ಯಾರೂ ಅಲ್ಲದಿದ್ದವನು ಅಕ್ಷರ, ಭಾಷೆ, ಸ್ನೇಹ ಎಲ್ಲವನ್ನೂ ಗಳಿಸಿದ. ಆದರೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ, ಯಾರೂ ಕೇಳದಿದ್ದರೂ ಅವನು ಸೆರೆಮನೆಯ ರೂಢಿಯಂತೆ ಬಾಯಿ ತೆರೆದು ನಾಲಿಗೆ ಚಾಚುವುದನ್ನು ನೋಡಿ. ದೇಹ ಇನ್ನೂ ಒಳಗೇ ಇದೆ. ಕಲಿತ ವಿದ್ಯೆಯೂ ಸೆಜಾರ್ ತೆರೆದಿಟ್ಟ ಹಾದಿಯಲ್ಲೇ ವೆಚ್ಚವಾಯಿತು.

ಏಕೆ ಹೀಗಾಯಿತು? ಕೆಟ್ಟ ಭವಿಷ್ಯವಾಣಿ ಬರಿಯ ಮಾತಾಗಿರಲಿಲ್ಲ. ಅದರ ಬೆನ್ನಿಗೆ ರಕ್ಷಣೆಯಿತ್ತು, ಕೆಲಸವಿತ್ತು, ಹಣವಿತ್ತು. ರೆಯೆಬನ ಒಳ್ಳೆಯ ಮಾತಿನ ಹಿಂದೆ ಇದ್ದದ್ದು ಒಂದು ತರಗತಿ ಮಾತ್ರ. ವಿ. ಶಾಂತಾರಾಮರ 1957ರ ‘ದೋ ಆಂಖೇಂ ಬಾರಹ್ ಹಾಥ್’ ಚಿತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಅಲ್ಲಿಯ ಜೈಲರ್ ಆರು ಮಂದಿ ಕೊಲೆಗಾರರಲ್ಲಿ ನಂಬಿಕೆಯಿಟ್ಟನು; ನಂಬಿ ಸುಮ್ಮನೆ ಕೂರಲಿಲ್ಲ. ಉಳಲು ನೆಲ ಕೊಟ್ಟು, ತಾನೂ ಅವರೊಡನೆ ಬಾಳಿದನು. ಅಲ್ಲಿಯೂ ನುಡಿದದ್ದು ನಿಜವಾಯಿತು.

ಇವನು ಉದ್ಧಾರವಾಗುವವನಲ್ಲ ಎಂದು ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ! ಹಾಗೆ ಹೇಳಿದ ಮೇಲೆ ಕೆಲಸ ಕೊಡುವುದಿಲ್ಲ, ಮನೆಯೊಳಗೆ ಕರೆಯುವುದಿಲ್ಲ. ನಮ್ಮ ಮಾತನ್ನು ನಾವೇ ನಿಜ ಮಾಡುತ್ತೇವೆ. ನೀನು ಉದ್ಧಾರವಾಗುವೆ ಎನ್ನುವುದಕ್ಕೆ ಮಾತ್ರ ಅಷ್ಟು ಶ್ರಮವನ್ನು ನಾವು ಪಡುವುದಿಲ್ಲ. ಆ ಮಾತನ್ನು ಆಡುವವರು, ಜೊತೆಗೆ ನಡೆಯಲು ಒಂದು ಹಾದಿಯನ್ನೂ ತೋರಿಸಬೇಕಾಗುತ್ತದೆ.