ಗಾಳಿ ಕುಡಿಯುವ ಸೆಲ್ಲು

ಕಿವಿ ಮಂದವಾದ ಅಜ್ಜ ಅಜ್ಜಿಯರು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವ ಪುಟ್ಟ ಮಿಷಿನ್ ನೋಡಿದ್ದೀರಲ್ಲ? ಅನಂತಪುರ ಸೀಮೆಯ ಬ್ರಹ್ಮಸಮುದ್ರದಲ್ಲಿ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಅಂಥ ಹಿರಿಯರಿದ್ದರೆ, ಅವರು ಅದರ ಸೆಲ್ಲು ಬದಲಿಸುವಾಗ ಹತ್ತಿರ ಕೂತು ನೋಡಿ. ಸೆಲ್ಲು ಗುಂಡಿಯಷ್ಟೇ ದೊಡ್ಡದು. ಮೇಲೆ ಬಣ್ಣದ ಸ್ಟಿಕ್ಕರ್ ಅಂಟಿಸಿರುತ್ತಾರೆ. 675 ನಂಬರಿನದಕ್ಕೆ ನೀಲಿ, 13ಕ್ಕೆ ಕಿತ್ತಳೆ. ಸ್ಟಿಕ್ಕರ್ ಕಿತ್ತರೆ ಅದರಡಿ ಸೂಜಿಮೊನೆಯಷ್ಟು ಸಣ್ಣ ತೂತುಗಳು ಕಾಣುತ್ತವೆ.

ಸೆಲ್ಲಿಗೆ ತೂತು ಏಕೆ? ಗಾಳಿ ಒಳಗೆ ಹೋಗಲೆಂದು! ಇದರ ಹೆಸರು ಸತು-ಗಾಳಿ ಸೆಲ್ಲು.

ಟಾರ್ಚಿಗೆ ಹಾಕುವ ಅಗ್ಗದ ಸೆಲ್ಲಿನಲ್ಲೂ ಸತುವೇ ಇರುತ್ತದೆ. ಅದರ ಹೊರಗಿನ ಡಬ್ಬಿಯೇ ಸತುವಿನದು. ಒಳಗೆ ಕಪ್ಪು ಪುಡಿ ತುಂಬಿರುತ್ತದೆ. ಅದರಲ್ಲಿ ಮುಖ್ಯವಾದದ್ದು ಮ್ಯಾಂಗನೀಸ್ ಡೈಆಕ್ಸೈಡ್. ಸತು ಇಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ, ಕಪ್ಪು ಪುಡಿ ಅವನ್ನು ತೆಗೆದುಕೊಳ್ಳುತ್ತದೆ. ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಒಂದೇ ಡಬ್ಬಿಯಲ್ಲಿ ಜಾಗ ಬೇಕು.

ಸತು-ಗಾಳಿ ಸೆಲ್ಲಿನಲ್ಲಿ ತೆಗೆದುಕೊಳ್ಳುವ ಕೆಲಸ ಆಮ್ಲಜನಕದ್ದು. ಅದು ಹೊರಗಿನ ಗಾಳಿಯಲ್ಲೇ ಇದೆಯಲ್ಲ! ಶೇಂಗಾ ಹೊಲಕ್ಕೆ ಹೋಗುವವರು ಬುತ್ತಿ ಮಾತ್ರ ಕಟ್ಟಿಕೊಂಡು, ನೀರನ್ನು ಅಲ್ಲಿನ ಬಾವಿಯಲ್ಲೇ ಸೇದಿ ಕುಡಿಯುವ ಹಾಗೆ ಇದು. ಹೊರೆ ಅರ್ಧ ಕಡಿಮೆಯಾಯಿತು. ಉಳಿದ ಜಾಗಕ್ಕೆಲ್ಲ ಸತುವನ್ನೇ ತುಂಬಬಹುದು. ಅಷ್ಟು ಚಿಕ್ಕ ಸೆಲ್ಲು ಹಗಲೆಲ್ಲ ಮಾತು ಕೇಳಿಸುತ್ತ ಎಷ್ಟೋ ದಿನ ಬಾಳುವುದು ಇದರಿಂದಲೇ.

ಒಳಗೆ ನಡೆಯುವುದಿಷ್ಟು. ತೂತಿನಿಂದ ಬಂದ ಆಮ್ಲಜನಕ ಮೊದಲು ಇಂಗಾಲದ ತೆಳು ಪದರವನ್ನು ಮುಟ್ಟುತ್ತದೆ. ಈ ಪದರ ಗಾಳಿಯನ್ನು ಬಿಡುತ್ತದೆ, ಒಳಗಿನ ದ್ರವವನ್ನು ಮಾತ್ರ ಸೋರಲು ಬಿಡುವುದಿಲ್ಲ. ಅಲ್ಲಿ ಆಮ್ಲಜನಕ, ನೀರು, ಇಲೆಕ್ಟ್ರಾನು ಮೂರೂ ಸೇರಿ ಹೈಡ್ರಾಕ್ಸೈಡ್ ಅಯಾನುಗಳಾಗುತ್ತವೆ. ಅವು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕರಗಿದ ನೀರಿನಲ್ಲಿ ಸಾಗಿ ಸತುವಿನ ಪುಡಿಯನ್ನು ತಲುಪುತ್ತವೆ. ಸತುವಿನ ಒಂದೊಂದು ಪರಮಾಣುವೂ ಎರಡೆರಡು ಇಲೆಕ್ಟ್ರಾನು ಬಿಟ್ಟುಕೊಟ್ಟು, ಕೊನೆಗೆ ಸತುವಿನ ಆಕ್ಸೈಡ್ ಆಗುತ್ತದೆ. ಆ ಇಲೆಕ್ಟ್ರಾನುಗಳು ದ್ರವದೊಳಗೆ ಹಾಯಲಾರವು. ಹೊರಗಿನ ತಂತಿಯಲ್ಲೇ ಸುತ್ತಿ ಬರಬೇಕು. ಆ ದಾರಿಯಲ್ಲಿ ಕಿವಿಯ ಮಿಷಿನ್ ಇಟ್ಟರೆ ಅದು ಕೆಲಸ ಮಾಡುತ್ತದೆ. ಒಂದು ಸೆಲ್ಲಿನಿಂದ ಸಿಗುವುದು ಸುಮಾರು 1.4 ವೋಲ್ಟ್.

ಸ್ಟಿಕ್ಕರ್ ಇರುವ ತನಕ ಗಾಳಿ ಇಲ್ಲ, ಗಾಳಿ ಇಲ್ಲದೆ ಕೆಲಸವೂ ಇಲ್ಲ. ಹಾಗಾಗಿ ಸೆಲ್ಲು ವರ್ಷಗಟ್ಟಲೆ ಕೆಡದೆ ಇರುತ್ತದೆ. ಕಷ್ಟಕಾಲಕ್ಕೆ ಎತ್ತಿಡಲು ಇದಕ್ಕಿಂತ ಒಳ್ಳೆಯ ಗುಣ ಬೇಕೆ? ಸ್ಟಿಕ್ಕರ್ ಕಿತ್ತ ಮೇಲೆ ಒಂದೆರಡು ನಿಮಿಷ ಹಾಗೇ ಬಿಟ್ಟು, ಗಾಳಿ ಒಳಗೆ ಸೇರಿದ ಮೇಲೆ ಮಿಷಿನ್‌ಗೆ ಹಾಕಬೇಕು. ಮತ್ತೆ ಸ್ಟಿಕ್ಕರ್ ಅಂಟಿಸಿ ಉಳಿಸೋಣವೆಂದರೆ ಹೆಚ್ಚು ಪ್ರಯೋಜನವಿಲ್ಲ.

1932ರಲ್ಲೇ ಅಮೆರಿಕದ ಜಾರ್ಜ್ ಹೈಸ್ ಮತ್ತು ಎರ್ವಿನ್ ಶೂಮಾಕರ್ ಇಂಥ ದೊಡ್ಡ ಬ್ಯಾಟರಿಗಳನ್ನು ಮಾಡಿದ್ದರು. ಕರೆಂಟು ಕಂಬ ತಲುಪದ ಕಡೆಯ ರೈಲು ಸಿಗ್ನಲ್‌ಗಳಿಗೆ ಅವು ಒದಗಿದವು. ಈ ಶತಮಾನದ ಆರಂಭದ ಹೊತ್ತಿಗೆ ಇಸ್ರೇಲಿನ ಎಲೆಕ್ಟ್ರಿಕ್ ಫ್ಯೂಯಲ್ ಎಂಬ ಕಂಪನಿ, ಪೊಟ್ಟಣ ಒಡೆದು ಮೊಬೈಲಿಗೆ ಸಿಕ್ಕಿಸುವ ಸತು-ಗಾಳಿ ಚಾರ್ಜರುಗಳನ್ನು ಮಾರಿತು. ಗೋಡೆಯ ಪ್ಲಗ್ಗೇ ಬೇಕಿರಲಿಲ್ಲ. ಸೈನಿಕರ ರೇಡಿಯೋಗಳಿಗೂ ಇದೇ ಬಗೆಯ ದೊಡ್ಡ ಬ್ಯಾಟರಿ ಬಂತು.

ಹಾಗಾದರೆ ನಮ್ಮ ಮನೆಗಳಲ್ಲಿ ಬೇರೆ ಕೆಲಸಗಳಿಗೆ ಇದು ಏಕಿಲ್ಲ? ಗಾಳಿ ಸಣ್ಣ ತೂತಿನಿಂದ ಬರಬೇಕಾದ್ದರಿಂದ ಇದು ಒಮ್ಮೆಲೇ ಹೆಚ್ಚು ಕರೆಂಟು ಕೊಡಲಾರದು. ಸ್ವಲ್ಪ ಸ್ವಲ್ಪವಾಗಿ, ಬಹಳ ಹೊತ್ತು ಕೊಡುತ್ತದೆ. ಇನ್ನೊಂದು ತೊಡಕು, ಮತ್ತೆ ಚಾರ್ಜ್ ಮಾಡುವುದು. ಹಾಗೆ ಮಾಡಹೋದರೆ ಸತು ಮೊದಲಿದ್ದಲ್ಲಿಗೆ ಸರಿಯಾಗಿ ಮರಳುವುದಿಲ್ಲ. ಮುಳ್ಳುಮುಳ್ಳಾಗಿ ಬೆಳೆದು, ಸತುವಿಗೂ ಇಂಗಾಲದ ಪದರಕ್ಕೂ ನಡುವಿನ ಪರದೆಯನ್ನೇ ಚುಚ್ಚಬಹುದು. ನೆರೆಯ ಪಾವಗಡದ ತಿರುಮಣಿಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆಯಲ್ಲ, ಅಲ್ಲಿನ ಹಗಲಿನ ಕರೆಂಟನ್ನು ರಾತ್ರಿಗೆ ಕೂಡಿಡಲು ಸಾವಿರಾರು ಸಲ ಚಾರ್ಜ್ ಆಗುವ ಬ್ಯಾಟರಿ ಬೇಕು. ಸತು ಅಗ್ಗ, ಒಳಗಿರುವುದು ನೀರಿನ ದ್ರಾವಣವಾದ್ದರಿಂದ ಬೆಂಕಿ ಹತ್ತುವ ಭಯವೂ ಕಡಿಮೆ. ಆ ಮುಳ್ಳನ್ನು ತಡೆಯುವ ದಾರಿಗಾಗಿ ವಿಜ್ಞಾನಿಗಳು ಹುಡುಕುತ್ತಲೇ ಇದ್ದಾರೆ.

ತೂತು ತೆರೆದಿರುವುದರಿಂದ ಊರಿನ ಹವೆಯೂ ಸೆಲ್ಲಿನೊಳಗೆ ಕೈಯಾಡಿಸುತ್ತದೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಅನಂತಪುರದ ಸೀಮೆಯಲ್ಲಿ ಬೇಸಿಗೆಯ ಗಾಳಿ ಬಲು ಒಣ. ಸೆಲ್ಲಿನೊಳಗಿನ ನೀರು ತೂತಿನಿಂದ ಆವಿಯಾಗಿ ಹೋಗುತ್ತದೆ, ಸೆಲ್ಲು ಬೇಗ ಸೊರಗುತ್ತದೆ. ಹವೆಯಲ್ಲಿ ತೇವ ಹೆಚ್ಚಿದ್ದರೆ ನೀರು ಒಳಗೇ ಇಳಿಯುತ್ತದೆ.

ಈಗ ಒಂದು ಸೋಜಿಗ. ಈ ಸೆಲ್ಲು ಖಾಲಿಯಾಗುತ್ತ ಹೋದಂತೆ ಭಾರವಾಗುತ್ತದೆ! 65 ಗ್ರಾಂ ಸತು 16 ಗ್ರಾಂ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. 675 ನಂಬರಿನ ಸೆಲ್ಲು 600 ಮಿಲಿಆಂಪಿಯರ್-ಗಂಟೆ ಕರೆಂಟು ಕೊಡುವಷ್ಟರಲ್ಲಿ ಹೀರುವ ಆಮ್ಲಜನಕ ಸುಮಾರು 0.18 ಗ್ರಾಂ. ಒಂದು ಲೀಟರ್ ಬಾಟಲಿಯೊಳಗಿನ ಗಾಳಿಯಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ.

ದೊಡ್ಡವರನ್ನು ಜೊತೆಗಿಟ್ಟುಕೊಂಡು, ಚಿನ್ನ ಬೆಳ್ಳಿ ತೂಗುವ ತಕ್ಕಡಿಯಲ್ಲಿ ಸ್ಟಿಕ್ಕರ್ ಕಿತ್ತ ಹೊಸ ಸೆಲ್ಲನ್ನು ತೂಗಿ ಬರೆದಿಡಿ. ಮುಗಿದ ಮೇಲೆ ಅದನ್ನೇ ಮತ್ತೆ ತೂಗಿ. ಸೆಲ್ಲನ್ನು ಒಡೆಯಬೇಡಿ, ಒಳಗಿನ ದ್ರವ ಚರ್ಮ ಸುಡುತ್ತದೆ. ಬಾಯಿಗಂತೂ ಹಾಕಲೇಬೇಡಿ, ನುಂಗಿದರೆ ಪ್ರಾಣಕ್ಕೇ ಅಪಾಯ. ಆಮ್ಲಜನಕ ಸೇರಿ ತೂಕ ಏರುತ್ತದೆ, ನೀರು ಆರಿ ತೂಕ ಇಳಿಯುತ್ತದೆ. ಹಾಗಾದರೆ ಏಪ್ರಿಲ್ ಬಿಸಿಲಲ್ಲಿ ಬಳಸಿದ ಸೆಲ್ಲಿಗೂ ಮಳೆಗಾಲದಲ್ಲಿ ಬಳಸಿದ ಸೆಲ್ಲಿಗೂ ಒಂದೇ ಲೆಕ್ಕ ಬರುತ್ತದೆಯೇ? ನೀವೇ ತೂಗಿ ಹೇಳಿ.