ಕಡಲಾಚೆಯ ಒಡಹುಟ್ಟು



ಆಫ್ರಿಕದ ಸ್ವಾತಂತ್ರ್ಯಸಮರವು ಆಫ್ರಿಕದ ನೆಲದಲ್ಲಷ್ಟೇ ನಡೆಯಲಿಲ್ಲ. ಗುಲಾಮರಾಗಿ ಅಮೆರಿಕಕ್ಕೆ ಒಯ್ಯಲ್ಪಟ್ಟವರ ಸಂತತಿಯೂ ಅದಕ್ಕೆ ಹೆಗಲು ಕೊಟ್ಟಿತು. ಗಾಯಕ ಪಾಲ್ ರಾಬ್ಸನ್‌ರ ಹೆಸರನ್ನು ತಾವು ಕೇಳಿರಬಹುದು. ಆಲ್ಫಿಯಸ್ ಹಂಟನ್‌ರನ್ನು ಬಲ್ಲವರು ವಿರಳ. ಉಪಾಧ್ಯಾಯರಾದ ನಮಗೆ ಅವರಲ್ಲಿಯೇ ಹೆಚ್ಚು ಮಮತೆ.

ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಹಂಟನ್‌ರು 1943ರಲ್ಲಿ ಆ ವೃತ್ತಿಯನ್ನು ತೊರೆದು, ರಾಬ್ಸನ್‌ರು ಅಧ್ಯಕ್ಷರಾಗಿದ್ದ ಆಫ್ರಿಕ ವ್ಯವಹಾರಗಳ ಮಂಡಲಿಯ ಕಾರ್ಯಕ್ಕೆ ನಿಂತರು. 1946ರಲ್ಲಿ ದಕ್ಷಿಣ ಆಫ್ರಿಕದ ಕ್ಷಾಮಪೀಡಿತರಿಗಾಗಿ ಮಂಡಲಿಯು ಕೈಯೊಡ್ಡಿದಾಗ, ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಕಪ್ಪು ಜನರು ಚರ್ಚಿನಲ್ಲಿ ನೆರೆದು ಹಣವನ್ನೂ ಡಬ್ಬಿಗಳಲ್ಲಿ ಆಹಾರವನ್ನೂ ತಂದೊಪ್ಪಿಸಿದರು. ಕೊಟ್ಟವರೇನು ಧನಿಕರೇ? ತಮ್ಮ ದೇಶದಲ್ಲೇ ಸಮಾನತೆಯನ್ನು ಕಾಣದವರು! ಅದೇ ವರ್ಷ ದಕ್ಷಿಣ ಆಫ್ರಿಕದ ಭಾರತೀಯರ ಪರವಾಗಿ ನಮ್ಮ ದೇಶವು ವಿಶ್ವಸಂಸ್ಥೆಗೆ ದೂರು ಕೊಂಡೊಯ್ದಾಗಲೂ ಮಂಡಲಿಯು ಬೆಂಬಲಕ್ಕೆ ನಿಂತಿತು. ಇದನ್ನು ನಾವು ಮರೆಯಲಾಗದು.

1950ರಲ್ಲಿ ಅಮೆರಿಕ ಸರ್ಕಾರವು ರಾಬ್ಸನ್‌ರ ಪಾಸ್‌ಪೋರ್ಟನ್ನು ರದ್ದುಗೊಳಿಸಿತು. ಆಫ್ರಿಕದ ಜನರ ಸ್ವಾತಂತ್ರ್ಯಕ್ಕಾಗಿ ದುಡಿದುದೂ ನ್ಯಾಯಾಲಯದ ಮುಂದೆ ಅವರ ಮೇಲಿನ ಆರೋಪವಾಯಿತು. 1951ರಲ್ಲಿ ಹಂಟನ್‌ರಿಗೆ ಆರು ತಿಂಗಳ ಸೆರೆವಾಸ: ತಾವು ಧರ್ಮದರ್ಶಿಯಾಗಿದ್ದ ಜಾಮೀನು ನಿಧಿಯೊಂದಕ್ಕೆ ಹಣವಿತ್ತವರ ಹೆಸರು ಹೇಳಲೊಪ್ಪದುದೇ ಅಪರಾಧ! 1955ರಲ್ಲಿ ಮಂಡಲಿಯೇ ಮುಚ್ಚಿತು.

ಮುಂದೆ ಹಂಟನ್‌ರು ಸ್ವತಂತ್ರ ಘಾನಾಕ್ಕೆ ತೆರಳಿ, ಡುಬಾಯಿಸ್‌ರು ಕೈಗೊಂಡಿದ್ದ ಆಫ್ರಿಕ ವಿಶ್ವಕೋಶಕ್ಕಾಗಿ ದುಡಿದರು. 1970ರಲ್ಲಿ ಜಾಂಬಿಯದ ಲುಸಾಕಾದಲ್ಲಿ ಕಣ್ಮುಚ್ಚಿದರು.